ಮೊಸಳೆ ಸಿನಿಮಾಕ್ಕೆ ನಾನು ಕೊಟ್ಟ ಉತ್ತರ

ಇಂಗ್ಲಿಷಿನಲ್ಲಿ ಖಾರವಾಗಿ ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಡೆಟ್ರಾಯಿಟ್ ಪಕ್ಕದ ನಮ್ಮ ಇಡೀ ಕ್ಯಾಂಟನ್ ಊರಿನಲ್ಲಿ ಯಾರೂ ಇಲ್ಲ ಎಂಬ ನಂಬಿಕೆ ನನಗಿತ್ತು. ಕಾರಿನ ಬ್ರೇಕು ಕೆಟ್ಟರೆ ಅದು ಯಾರ ತಪ್ಪು ಎಂದು ಪುಟಗಟ್ಟಲೆ ವರದಿ ಬರೆಯುವುದೇ ಹತ್ತೊಂಬತ್ತು ವರ್ಷ ನನ್ನ ಕೆಲಸವಾಗಿತ್ತು. ಆ ವರ್ಷ ಡೆಟ್ರಾಯಿಟ್ ಸುತ್ತಮುತ್ತ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮದೂ ಹಾಕಿತು. ಲೇಆಫ್ ಆಗಿ ಮನೆಯಲ್ಲಿ ಕೂತೆ. ಬರೆಯಲು ವರದಿ ಇರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು.

ಅಂಥ ಹೊತ್ತಿನಲ್ಲಿ ಬಂತು ಆ ಪತ್ರ! ಲಕೋಟೆ ನಮ್ಮ ಇಂಟರ್ನೆಟ್ ಕಂಪನಿಯದು, ಒಳಗಿನ ಎರಡು ಹಾಳೆ ಶಿಕಾಗೋದ ಯಾವುದೋ ವಕೀಲರ ಕಚೇರಿಯದು. ಇಂಥ ಮಂಗಳವಾರ ನಿಮ್ಮ ಮನೆಯ ಇಂಟರ್ನೆಟ್‌ನಿಂದ ಒಂದು ಇಂಗ್ಲಿಷ್ ಸಿನಿಮಾ ಕದ್ದು ಡೌನ್‌ಲೋಡ್ ಆಗಿದೆ, ಎರಡು ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಿ, ಇಲ್ಲವಾದರೆ ಕೋರ್ಟು. ಅದೆಂಥ ಸಿನಿಮಾ ಎಂದು ಹುಡುಕಿ ನೋಡಿದೆ. ರಜೆ ಕಳೆಯಲು ಸರೋವರಕ್ಕೆ ಬಂದವರನ್ನೆಲ್ಲ ಒಂದು ದೈತ್ಯ ಮೊಸಳೆ ನುಂಗುವ ಕಥೆ!

ಕಳ್ಳ ಎಂದಿದ್ದರೆ ಸಹಿಸುತ್ತಿದ್ದೆನೋ ಏನೋ. ಮೊಸಳೆ ಸಿನಿಮಾ ನೋಡುವವನು ಎಂದರಲ್ಲ! ಪಿತ್ತ ನೆತ್ತಿಗೇರಿತು.

"ರೀ, ಶಿಕಾಗೋ ಪಕ್ಕ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ರಘು ಇದಾನಲ್ಲ, ಲಾಯರ್ರು. ಒಂದು ಫೋನ್ ಮಾಡಿ ಕೇಳಿ," ಎಂದಳು ನನ್ನ ಹೆಂಡತಿ ವಸುಧಾ, ಆಸ್ಪತ್ರೆಯ ಲ್ಯಾಬಿಗೆ ಹೊರಡುತ್ತ. ರಘು ಅವಳ ಚಿಕ್ಕಪ್ಪನ ಮಗ.

"ತಪ್ಪು ಮಾಡಿದೋರಿಗೆ ಲಾಯರ್ ಬೇಕು ಕಣೆ. ನನಗ್ಯಾಕೆ? ಹೆಂಗೆ ಬರೀತೀನಿ ನೋಡು, ಓದಿ ಅವರೇ ಸಾರಿ ಕೇಳ್ಬೇಕು!"

ಎರಡು ದಿನ ಕೂತು ಐದು ಪುಟ ಬರೆದೆ. ಮರುದಿನವೇ ತಲುಪುವ ಎಕ್ಸ್‌ಪ್ರೆಸ್ ಅಂಚೆಯಲ್ಲಿ ಕಳಿಸಿ, ಸಂಜೆ ಅದರ ಪ್ರತಿಯನ್ನು ವಸುಧಾಳ ಮುಂದೆ ಹಿಡಿದೆ. ಅವಳು ಮೂರನೇ ಪುಟದಲ್ಲಿ ನಿಂತಳು.

"ಇದೇನ್ರೀ ಇದು, ಸೆಕ್ಷನ್ ನಾಲ್ಕು?"

"ಅದೇ ಕಣೆ ಬ್ರಹ್ಮಾಸ್ತ್ರ! ಆ ಮಂಗಳವಾರ ಬೆಳಗ್ಗೆಯಿಂದ ಸಂಜೆ ತನಕ ನಮ್ಮ ಕಂಪ್ಯೂಟರ್ ಏಳು ಕನ್ನಡ ಸಿನಿಮಾ ಡೌನ್‌ಲೋಡ್ ಮಾಡ್ತಾ ಇತ್ತು. ನಮ್ಮ ಸ್ಪೀಡ್‌ಗೆ ಎಂಟನೇದು ಆಗೋಕೆ ಸಾಧ್ಯವೇ ಇಲ್ಲ. ಸಿನಿಮಾ ಹೆಸರು, ವೆಬ್‌ಸೈಟು, ಟೈಮು, ಎಲ್ಲ ಟೇಬಲ್ ಹಾಕಿ ಪ್ರೂವ್ ಮಾಡಿದೀನಿ!"

ವಸುಧಾ ಟೇಬಲ್ ನೋಡಲಿಲ್ಲ. ನನ್ನನ್ನು ನೋಡಿದಳು.

"ಆ ಏಳನ್ನ ದುಡ್ಡು ಕೊಟ್ಟು ತಗೊಂಡಿದ್ರಾ?"

ಒಂದಕ್ಕೂ ಕೊಟ್ಟಿರಲಿಲ್ಲ. ಐದು ಪುಟದ ಪ್ರತಿಯನ್ನು ಮಡಚಿ ಜೇಬಿಗಿಟ್ಟು ಕಾರಿನ ಕೀಲಿ ಹುಡುಕಿದೆ.

ಮರುದಿನ ಬೆಳಗಾಗುವ ಮೊದಲೇ ಶಿಕಾಗೋಕ್ಕೆ ಹೊರಟೆ. ಪತ್ರ ತಲುಪುವ ಮುಂಚೆ ನಾನೇ ತಲುಪಿ ಅದನ್ನು ವಾಪಸ್ ಪಡೆಯುವುದು ಯೋಜನೆ. ಶಿಕಾಗೋ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಆ ಗಂಟೆ ನನಗೆ ಲಾಭ ಎಂದುಕೊಂಡೆ. ಪತ್ರಕ್ಕೂ ಅದೇ ಲಾಭ ಎಂದು ಹೊಳೆದದ್ದು ಅರ್ಧ ದಾರಿ ಕಳೆದ ಮೇಲೆ! ದಾರಿಯಲ್ಲಿ ಗ್ಯಾರಿ ಎಂಬ ಊರಿನ ಹತ್ತಿರ ರಸ್ತೆ ರಿಪೇರಿ. ಲಾರಿಯವರನ್ನು ಬೈದೆ, ರಸ್ತೆಯವರನ್ನು ಬೈದೆ, ಮೊಸಳೆಯನ್ನಂತೂ ಮೈಸೂರಿನ ಮಾತಿನಲ್ಲೇ ಬೈದೆ.

ವಕೀಲರ ಕಚೇರಿಯಲ್ಲಿ ಕೂತಿದ್ದ ಹೆಂಗಸು ನನ್ನ ಹೆಸರು ಕೇಳಿದ್ದೇ ನಕ್ಕಳು. "ಓ, ನಿಮ್ಮ ಪತ್ರ ಬೆಳಗ್ಗೆಯೇ ಬಂತು ಸಾರ್. ನಮ್ಮಲ್ಲಿ ಎಲ್ಲರೂ ಓದಿದರು. ಇಷ್ಟು ವಿವರವಾಗಿ ಯಾರೂ ಬರೆಯೋದಿಲ್ಲ!"

ಅಲ್ಲಿಂದ ನೇರ ರಘುವಿನ ಮನೆಗೆ ಹೋದೆ. ಅವನು ಸಂಜೆ ಕೆಲಸದಿಂದ ಬಂದವನೇ ಎರಡೂ ಪತ್ರ ಓದಿ ಕನ್ನಡಕ ತೆಗೆದ.

"ಭಾವ, ಅವರ ಪತ್ರ ಯಾರಿಗೆ ಅಂತ ಬರೆದಿದೆ, ಸ್ವಲ್ಪ ಓದಿ."

"'ಪ್ರಿಯ ಚಂದಾದಾರರೇ'."

"ನಿಮ್ಮ ಹೆಸರೆಲ್ಲಿದೆ?"

ಇರಲಿಲ್ಲ!

"ಅವರಿಗೆ ಗೊತ್ತಿದ್ದಿದ್ದು ನಿಮ್ಮ ಇಂಟರ್ನೆಟ್ಟಿನ ಒಂದು ನಂಬರ್, ಅಷ್ಟೇ. ಕಂಪನಿಯವರು ನಿಮ್ಮ ಹೆಸರು ಕೊಡದೆ ಪತ್ರ ಮಾತ್ರ ನಿಮಗೆ ಕಳಿಸಿದಾರೆ. ನೀವೇ ಹೆಸರು, ಅಡ್ರೆಸ್ಸು, ಮನೆ ಫೋನು, ಸೆಲ್ ಫೋನು... ಭಾವ, ಹಿಂದೆ ಇರೋದು ರೆಸ್ಯೂಮೆನಾ?"

"ಈಗೀಗ ಎಲ್ಲದಕ್ಕೂ ಸೇರಿಸಿಬಿಡ್ತೀನಪ್ಪ. ಅಭ್ಯಾಸ."

ರಘು ಕಣ್ಣು ಒರೆಸಿಕೊಂಡ. ನಕ್ಕಿದ್ದಕ್ಕೋ ಅತ್ತಿದ್ದಕ್ಕೋ ತಿಳಿಯಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು. "ನಗು! ಆದರೆ ಆ ಮೊಸಳೆ ಸಿನಿಮಾ ನಾನು ಮುಟ್ಟಿಲ್ಲ. ದೇವರಾಣೆ!" ಎಂದು ಕೂಗಿ, ಸಾಕ್ಷಿಗೆ, ಲ್ಯಾಬಿನಿಂದ ಮನೆಗೆ ಬಂದಿದ್ದ ವಸುಧಾಳಿಗೇ ಫೋನ್ ಮಾಡಿದೆ. ಕಂಪ್ಯೂಟರಿನಲ್ಲಿರುವ ಏಳೂ ಸಿನಿಮಾ ತೆರೆದು ನೋಡು ಎಂದೆ. ನಾನು ಇನ್ನೂ ಒಂದನ್ನೂ ನೋಡಿರಲಿಲ್ಲ. ಭಾನುವಾರಕ್ಕೆ ಎಂದು ಇಟ್ಟಿದ್ದೆ.

ಸ್ಪೀಕರ್ ಹಾಕಿದ್ದೆ. ಆರು ಸಿನಿಮಾಗಳ ಕನ್ನಡ ಮಾತು ಒಂದೊಂದಾಗಿ ಕೇಳಿಸಿತು. ಏಳನೆಯದಕ್ಕೆ ಹೆಂಗಸರ ಚೀರಾಟ.

"ರೀ," ಎಂದಳು ವಸುಧಾ. "ಫೈಲಿನ ಹೆಸರು ಕನ್ನಡದ್ದೇ. ಒಳಗಿರೋದು ಮೊಸಳೆ."

ಯಾರೋ ಪುಣ್ಯಾತ್ಮ ತಪ್ಪು ಹೆಸರಿಟ್ಟಿದ್ದ. ವಕೀಲರು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ!

ರಘು ಒಂದು ತಿಂಗಳು ಮಾತಾಡಿ, ನನ್ನ ಕೆಲಸ ಹೋದ ಕಥೆ ಹೇಳಿ, ರಾಜಿಯ ಹಣವನ್ನು ಅರ್ಧಕ್ಕೆ ಇಳಿಸಿದ. ಆ ಅರ್ಧಕ್ಕಾಗಿ ವಸುಧಾ ಮೂರು ಶನಿವಾರ, ಮೂರು ಭಾನುವಾರ ಲ್ಯಾಬಿಗೆ ಹೋದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದು ಮನೆಯೆಲ್ಲ ಹುಡುಕಿದೆ. ಕೈಗೆ ಸಿಕ್ಕವನು ನಾನೊಬ್ಬನೇ!

ಕೊನೆಗೆ ರಾಜಿ ಪತ್ರ ಬಂತು. ವಸುಧಾ ಅದನ್ನು ಊಟದ ಮೇಜಿನ ಮೇಲೆ ಹಾಸಿ, ಸಹಿ ಹಾಕುವ ಗೆರೆಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಪೆನ್ನು ಕೊಟ್ಟಳು.

"ಸಹಿ ಮಾತ್ರ ಹಾಕಿ. ಬೇರೆ ಏನೂ ಬರೀಬೇಡಿ."

ಹಾಕಿದೆ. ಪೆನ್ನು ವಾಪಸ್ ಇಸಿದುಕೊಂಡು, ತಾರೀಖನ್ನು ಅವಳೇ ಬರೆದಳು.