ನಮ್ಮ ಮನೆಗೆ ಬಂದ ಗದೆ

ಕಥಾನಾಯಕರ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಒಂದು ಅನುಮಾನ ಉಳಿದುಬಿಟ್ಟಿದೆ. ಊಟಕ್ಕೆ ಕೂತಾಗ ಇವರು ಆಯುಧವನ್ನು ಎಲ್ಲಿಡುತ್ತಾರೆ? ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರನಿಗೆ ಇದ್ದಷ್ಟೇ ಮರ್ಯಾದೆ ಅವನ ಕತ್ತಿಗೂ ಇತ್ತು. ಶತ್ರು ಹತ್ತಿರ ಬಂದರೆ ಅದು ಒರೆಯೊಳಗೇ ಮಿಸುಕಾಡುತ್ತಿತ್ತು. ಅವನು ಕಾಯಿಲೆ ಬಿದ್ದರೆ ತಾನೂ ತುಕ್ಕು ಹಿಡಿಯುತ್ತಿತ್ತು. ಅವನು ಸ್ನಾನಕ್ಕೆ ಹೋದಾಗ ಅದು ಏನು ಮಾಡುತ್ತಿತ್ತು ಎಂದು ಕೇಳಿದರೆ ಅಜ್ಜಿ, ನಿನಗೆ ಕಥೆ ಬೇಕೋ ಬೇಡವೋ ಎಂದು ಗದರಿಸಿ ಮುಂದಕ್ಕೆ ಹೋಗುತ್ತಿದ್ದಳು. ದೊಡ್ಡವನಾದ ಮೇಲೆ ಸಿನಿಮಾದ ಹುಚ್ಚು ಹತ್ತಿತು. ನಾಯಕ ಬೆನ್ನ ಹಿಂದೆ ಕೈ ಹಾಕಿ ಅಂಗಿಯೊಳಗಿಂದ ಉದ್ದನೆಯ ಮಚ್ಚು ಎಳೆದಾಗ ಥಿಯೇಟರಿನಲ್ಲಿ ಎಲ್ಲರೂ ಶಿಳ್ಳೆ ಹಾಕಿದರೆ, ನಾನು ಮಾತ್ರ ಈತ ಇಲ್ಲಿಯವರೆಗೆ ಕಾರಿನಲ್ಲಿ ಒರಗಿ ಕೂತು ಬಂದದ್ದಾದರೂ ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಒಮ್ಮೆ ಆಫೀಸಿನ ಮರದ ರೂಲುಕೋಲನ್ನು ಕಾಲರಿನೊಳಗೆ ಇಳಿಬಿಟ್ಟುಕೊಂಡು ಕುರ್ಚಿಯಲ್ಲಿ ಕೂತು ನೋಡಿದೆ. ಕೂರಬಹುದು, ಬಗ್ಗಲಾಗುವುದಿಲ್ಲ. ಅಷ್ಟರಲ್ಲಿ ಸಾಹೇಬರು ಬಂದರು. ನಾನು ಎಂದಿಗಿಂತ ನೆಟ್ಟಗೆ ನಿಂತು ನಮಸ್ಕಾರ ಮಾಡಿದ್ದನ್ನು ಅವರು ಸೊಕ್ಕು ಎಂದು ತಿಳಿದು ಬಹಳ ದಿನ ನನ್ನನ್ನು ಮಾತಾಡಿಸಲಿಲ್ಲ.

ಈ ಕುತೂಹಲವೇ ನನ್ನನ್ನು ನಾಟಕಕ್ಕೆ ಎಳೆದದ್ದು. ನಮ್ಮ ಹಾಸನದ ಕಡೆ ನಾಟಕವೆಂದರೆ ಜನಕ್ಕೆ ಎಷ್ಟು ಹುಚ್ಚೋ ಗೊತ್ತಿದೆಯಲ್ಲ. ವರ್ಷವೆಲ್ಲ ಫೈಲು ಹೊತ್ತವರು, ತೆಂಗಿನಕಾಯಿ ವ್ಯಾಪಾರದವರು, ಡ್ರೈವರುಗಳು, ಎಲ್ಲರೂ ಒಂದು ದಿನ ಕಿರೀಟ ಇಟ್ಟುಕೊಂಡು ಹಾಡಲೇಬೇಕು. ನಮಗೆ ಕಲಿಸುವವರು ಅರಕಲಗೂಡಿನ ನಂಜುಂಡಪ್ಪ ಮೇಷ್ಟ್ರು. ಹಾರ್ಮೋನಿಯಂ ಅವರದೇ, ಈ ಸಲ ನಾಟಕವೂ ಅವರದೇ. ಹಳೆಯ ನಾಟಕಗಳ ಮಾತು ಪ್ರೇಕ್ಷಕರಿಗೆಲ್ಲ ಬಾಯಿಪಾಠವಾಗಿ, ನಾವು ತಪ್ಪಿದರೆ ಕೆಳಗಿನಿಂದಲೇ ತಿದ್ದುತ್ತಾರೆಂದು ಮೇಷ್ಟ್ರು ಬೇಸತ್ತು ತಾವೇ ಹೊಸದು ಬರೆದಿದ್ದರು. ಅದರಲ್ಲಿ ಪ್ರಚಂಡಬಾಹು ಎಂಬ ವೀರ, ಕರಾಳಕೇತು ಎಂಬ ಮಾಂತ್ರಿಕ. ವೀರನಿಗೆ ಗದೆ, ಮಾಂತ್ರಿಕನಿಗೆ ಬರೀ ಮಂತ್ರ, ಕೈ ಖಾಲಿ. ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಸ್ನೇಹಿತ ರುದ್ರೇಶ ಬಾಗಿಲು ತುಂಬುವಂಥ ಆಳು. ಗದೆ ಅವನಿಗೇ ಹೋಗಬೇಕಿತ್ತು. ಆದರೆ ಮಾಂತ್ರಿಕನಿಗೆ ಹಾಡು ಜಾಸ್ತಿ ಎಂದು ಗೊತ್ತಾದ ಕೂಡಲೇ ಅವನು ಆ ಕಡೆ ವಾಲಿದ. ಹೀಗೆ ಪ್ರಚಂಡಬಾಹುವಿನ ಪಾತ್ರ ನನಗೆ ಬಂತು. ನನ್ನ ಬಾಹುಗಳ ವಿಷಯ ನಾನೇ ಹೇಳಬಾರದು. ವಾಚು ಮೊಣಕೈವರೆಗೆ ಜಾರುತ್ತದೆ.

ಗದೆಯನ್ನು ನಾನೇ ಮಾಡಿಕೊಂಡೆ. ದೊಡ್ಡ ನೀರಿನ ಟ್ಯಾಂಕಿನೊಳಗೆ ತೇಲುವಂಥ ದಪ್ಪ ಪ್ಲಾಸ್ಟಿಕ್ ಬಾಲು ಒಂದು, ಬಿದಿರಿನ ಹಿಡಿ ಒಂದು, ಮೇಲೆ ಚಿನ್ನದ ಬಣ್ಣ. ತೂಕ ಒಂದು ತೆಂಗಿನಕಾಯಿಯಷ್ಟೂ ಇಲ್ಲ. ಅದನ್ನು ಎತ್ತಲಾರದವನಂತೆ ಎತ್ತುವುದೇ ನಟನೆ. ನಾನು ಛತ್ರಿ ಹಿಡಿದವನಂತೆ ಹಿಡಿದು ನಿಂತದ್ದನ್ನು ಕಂಡು ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. "ಗದೆ ಬ್ಯಾರೆ ನೀವ್ ಬ್ಯಾರೆ ಅನ್ನಂಗೆ ಕಾಣ್ತದೆ ಸಾ. ಮನೆಗ್ ತಗಂಡೋಗಿ, ವಸಿ ಕೈಗೆ ಒಗ್ಗುಸ್ಕಳಿ" ಎಂದರು.

ಹಾಗೆ ಗದೆ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಗಿರಿಜಾ ಕೇಳಿದ ಮೊದಲ ಪ್ರಶ್ನೆಯೇ ನನ್ನ ಬಾಲ್ಯದ ಪ್ರಶ್ನೆ: ಇದನ್ನು ಎಲ್ಲಿಡುವುದು? ಗೋಡೆಗೆ ಒರಗಿಸಿದರೆ ಉರುಳುತ್ತದೆ, ಮಂಚದ ಕೆಳಗೆ ತೂರುವುದಿಲ್ಲ, ದೇವರ ಮನೆಯಲ್ಲಿಟ್ಟರೆ ಬಂದವರು ಕುಂಕುಮ ಹಚ್ಚುತ್ತಾರೆ. ಕೊನೆಗೆ ಫ್ರಿಜ್ಜಿನ ಪಕ್ಕ ಜಾಗ ಸಿಕ್ಕಿತು. ದಿನ ಕಳೆದಂತೆ ಒಂದು ವಿಚಿತ್ರ ನಡೆಯಿತು. ಗದೆ ಹಿಡಿದಾಗ ನನ್ನ ಗಂಟಲು ತೆರೆಯುತ್ತಿತ್ತು. ಅದನ್ನು ಹೆಗಲ ಮೇಲಿಟ್ಟುಕೊಂಡು ಕಾಫಿ ಕೇಳಿದರೆ ಕಾಫಿ ಬೇಗ ಬಂದಂತೆ ಅನ್ನಿಸುತ್ತಿತ್ತು. ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುವ ಪಕ್ಕದ ಮನೆಯವರಿಗೆ ವರ್ಷಗಟ್ಟಲೆ ವಿನಯದಿಂದ ಹೇಳಿ ಸೋತಿದ್ದೆ. ಒಂದು ಭಾನುವಾರ ಅಭ್ಯಾಸದ ನಡುವೆ ಹಾಗೇ ಎದ್ದುಹೋಗಿ ಬೆಲ್ ಒತ್ತಿದೆ. ಅವರು ಬಾಗಿಲು ತೆರೆದು, ನನ್ನನ್ನು ನೋಡದೆ ನನ್ನ ಕೈ ನೋಡಿ, ನಾನು ಬಾಯಿ ತೆರೆಯುವ ಮೊದಲೇ ಕಾರಿನ ಕೀಲಿ ಹುಡುಕತೊಡಗಿದರು. ಗದೆ ಬಿಟ್ಟು ಆಫೀಸಿಗೆ ಹೋದರೆ ಮಾತ್ರ ಮತ್ತೆ ಅದೇ ನಾನು. ಹಾಗಾದರೆ ಶಕ್ತಿ ಇರುವುದು ಕೈಯಲ್ಲೋ, ಕೈಯಲ್ಲಿರುವುದರಲ್ಲೋ ಎಂದು ಗಿರಿಜಾಳನ್ನು ಕೇಳಿದೆ. ಅವಳು ಅನ್ನಕ್ಕೆ ನೀರು ಸಾಕೋ ಇಲ್ಲವೋ ನೋಡುತ್ತಿದ್ದಳು.

ಇಷ್ಟೆಲ್ಲ ತಯಾರಿ ನಿಜವಾಗಿ ಯಾರಿಗಾಗಿ ಎಂದು ಅವಳಿಗೆ ಗೊತ್ತಿತ್ತು. ಅವಳ ತಂದೆ ಶಿವಲಿಂಗಪ್ಪನವರು ಹೊಳೆನರಸೀಪುರದ ಹತ್ತಿರ ಹಳೇಕೋಟೆಯವರು; ಹೊಲವೂ ಇದೆ, ಕೊಬ್ಬರಿ ವ್ಯಾಪಾರವೂ ಇದೆ. ಬಹಳ ಒಳ್ಳೆಯ ಮನುಷ್ಯ. ನನ್ನ ಕಷ್ಟವೇ ಅದು. ಮದುವೆಯಾದಾಗಿನಿಂದ ನಾನು ಅವರ ಮನೆಯಲ್ಲಿ ಮೂಟೆಗೆ ಕೈ ಹಾಕಿದರೆ ಸಾಕು, ಓಡಿಬಂದು ಬಿಡಿಸಿಕೊಳ್ಳುತ್ತಾರೆ. "ನೀವ್ ಬುಡಿ, ಬೆನ್ ಹಿಡ್ಕತದೆ" ಎನ್ನುತ್ತಾರೆ. ನೀರಿನ ಕೊಡವೂ ಅಷ್ಟೇ, ನೇಗಿಲೂ ಅಷ್ಟೇ. ಬೈದಿದ್ದರೆ ಜಗಳವಾಡಬಹುದಿತ್ತು, ಅವರು ಕನಿಕರ ಪಡುತ್ತಾರೆ. ಒಮ್ಮೆಯಾದರೂ ಅವರು ನನ್ನನ್ನು ಗಂಡಸು ಎಂದು ಒಪ್ಪಬೇಕು, ಭಾರವಾದದ್ದನ್ನು ಕೈಯಲ್ಲಿ ಹಿಡಿದು ಜನರ ಮುಂದೆ ನಿಂತಿರುವ ನನ್ನನ್ನು ನೋಡಬೇಕು ಎಂದು ನನಗೆ ತುಂಬಾ ಆಸೆಯಿತ್ತು. ಆ ಭಾರ ಪ್ಲಾಸ್ಟಿಕ್ಕಿನದಾದರೂ ಪರವಾಗಿಲ್ಲ. ನಾಟಕಕ್ಕೆ ಬರುತ್ತೇನೆಂದು ಒಪ್ಪಿಕೊಂಡು ಅವರು ಫೋನಿನಲ್ಲಿ ಒಂದೇ ಒಂದು ಮಾತು ಕೇಳಿದರು. ಕಣ್ಣಿಗೆ ಪೊರೆ ಬಂದಿದೆ, ಬಣ್ಣ ಹಚ್ಚಿಕೊಂಡ ಮೇಲೆ ನಿಮ್ಮ ಗುರುತು ಹೇಗೆ ಸಿಗಬೇಕು? ನಾನು ಠೀವಿಯಿಂದಲೇ ಹೇಳಿದೆ: ಭುಜಕ್ಕೆಲ್ಲ ಹತ್ತಿ ಕಟ್ಟಿರುತ್ತಾರೆ ಮಾವ, ನಾನು ನಾನಾಗಿರುವುದಿಲ್ಲ, ಗದೆ ಯಾರ ಕೈಯಲ್ಲಿದೆಯೋ ನೋಡಿಕೊಳ್ಳಿ, ಅವನೇ ನಿಮ್ಮ ಅಳಿಯ.

ಹಾಸನದ ಸಭಾಂಗಣದಲ್ಲಿ ಬೆಳಿಗ್ಗೆ ಶುರುವಾದ ನಾಟಕ, ಕೊನೆಯ ಯುದ್ಧಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟವೂ ಆಗಿಹೋಗಿತ್ತು. ನಾನು ಗದೆ ಎತ್ತಿ ಕರಾಳಕೇತುವನ್ನು ಕೆಣಕುತ್ತಿದ್ದೆ. ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದದ್ದೇ. ಯುದ್ಧವಿರಲಿ, ಸಾವಿರಲಿ, ಬಂಧುಗಳು ಹಾರ ಹಿಡಿದು ರಂಗಕ್ಕೆ ಹತ್ತಿದರೆ ನಾಟಕ ನಿಂತು ಕಾಯಬೇಕು. ನೋಡುತ್ತೇನೆ, ಊರಿನಿಂದ ಆಗಷ್ಟೇ ಬಂದಿಳಿದ ಮಾವ ಮೆಟ್ಟಿಲು ತಡವುತ್ತಾ ಬರುತ್ತಿದ್ದಾರೆ, ಕೈಯಲ್ಲಿ ಸುಗಂಧರಾಜದ ದೊಡ್ಡ ಹಾರ. ಕಾಲಿಗೆ ಬೀಳಬೇಕು, ಕೈಯಲ್ಲಿ ಗದೆ. ಅದನ್ನು ನೆಲಕ್ಕೆ ಇಟ್ಟರೆ ಉರುಳಿ ಪ್ರೇಕ್ಷಕರ ಮೇಲೆ ಬೀಳುತ್ತದೆ. ಎದುರಿಗೆ ಖಾಲಿ ಕೈಯಲ್ಲಿ ರುದ್ರೇಶ ನಿಂತಿದ್ದ. "ಒಂಚೂರು ಹಿಡ್ಕೊಳಪ್ಪ" ಎಂದು ಅವನ ಕೈಗೆ ಕೊಟ್ಟು ಬಗ್ಗಿದೆ.

ಮಾವ ಒಂದು ಕೈಯಿಂದ ನನ್ನ ತಲೆ ಸವರಿ, "ಒಳ್ಳೇದಾಗ್ಲಿ ಕಣಪ್ಪ" ಎಂದು, ನನ್ನನ್ನು ಬಳಸಿಕೊಂಡು ಮುಂದೆ ಹೋಗಿ, ಗದೆ ಹಿಡಿದ ರುದ್ರೇಶನ ಕೊರಳಿಗೆ ಹಾರ ಹಾಕಿದರು. ಅಷ್ಟರಲ್ಲಿ ಮೈಕಿನವನು ಹಳೇಕೋಟೆಯ ಶಿವಲಿಂಗಪ್ಪನವರು ತಮ್ಮ ಅಳಿಯಂದಿರಿಗೆ ಹಾರ ಹಾಕಿದ್ದಾರೆ ಎಂದು ಸಾರಿಯೇಬಿಟ್ಟ. ಜನ ಚಪ್ಪಾಳೆ ಹೊಡೆದರು. ಮಾವ ಅರಳಿದ ಮುಖದಿಂದ ಕೆಳಗಿಳಿದು ಮುಂದಿನ ಸಾಲಿನಲ್ಲಿ ಕೂತರು.

ರುದ್ರೇಶ ಮೆಲ್ಲಗೆ ಗದೆಯನ್ನು ನನ್ನ ಕಡೆ ಚಾಚಿದ. ಈಗ ವಾಪಸು ತೆಗೆದುಕೊಂಡರೆ ಮಾವನಿಗೆ ತಾನು ಮಾಡಿದ್ದು ತಿಳಿದುಹೋಗುತ್ತದೆ, ಅದೂ ಅಷ್ಟು ಜನರ ಎದುರಿಗೆ. ನಾನು ಬೇಡವೆಂದು ತಲೆಯಾಡಿಸಿದೆ. ಅವನಿಗೆ ಅರ್ಥವಾಗಲಿಲ್ಲ, ಇನ್ನೂ ಜೋರಾಗಿ ನೂಕಿದ. ನಾನು ಬರಿಗೈಯಲ್ಲಿ ಹಿಡಿದು ತಿರುಗಿ ನೂಕಿದೆ. ಕೆಳಗಿನಿಂದ ಶಿಳ್ಳೆ ಬಿತ್ತು. ಮೇಷ್ಟ್ರು ಏನೂ ಗೊತ್ತಾಗದೆ ಹಾರ್ಮೋನಿಯಂ ಒತ್ತುತ್ತಲೇ ಹೋದರು. ನನಗೆ ಆ ಗಲಾಟೆಯಲ್ಲೂ ಒಂದು ಆಶ್ಚರ್ಯ ಕಾದಿತ್ತು. ಗದೆ ಇಲ್ಲದಿದ್ದರೂ ಮಾತು ಗಟ್ಟಿಯಾಗಿಯೇ ಬರುತ್ತಿತ್ತು. ಅದೇ ಧೈರ್ಯದಲ್ಲಿ ಅವನ ಎದೆಗೆ ಅಂಗೈಯಿಂದ ಒಂದು ಬಿಟ್ಟೆ. ಪುಣ್ಯಾತ್ಮ ರುದ್ರೇಶ ಬಿಡುಗಡೆ ಸಿಕ್ಕಿದವನಂತೆ ಗದೆ, ಹಾರ ಸಮೇತ ಬಿದ್ದು ಪ್ರಾಣ ಬಿಟ್ಟ.

ಬಣ್ಣ ತೊಳೆದು ಪ್ಯಾಂಟು ಷರ್ಟಿನಲ್ಲಿ ಹೊರಗೆ ಬಂದಾಗ ಮಾವ ಗಿರಿಜಾಳ ಜೊತೆ ಟೀ ಅಂಗಡಿಯ ಮುಂದೆ ನಿಂತಿದ್ದರು. ಚೆನ್ನಾಗಿಯೇ ಮಾಡಿದಿರಿ, ಹತ್ತಿ ಕಟ್ಟಿದ್ದಕ್ಕೆ ಒಳ್ಳೆ ಆಳಾಗಿ ಕಾಣುತ್ತಿದ್ದಿರಿ ಎಂದರು. ಆಮೇಲೆ, ಅಷ್ಟು ದೊಡ್ಡ ಗದೆ ಇಟ್ಟುಕೊಂಡು ಸೋತಿರಲ್ಲ ಎಂದು ನೊಂದುಕೊಂಡರು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆಯ ಕಡೆ ತಿರುಗಿದಳು.

"ಅದಿರ್ಲಿ, ನಿಮ್ ಎದ್ರುಗಿದ್ದ ಆ ಸಣಕಲ ಯಾರು?" ಎಂದರು ಮಾವ. "ಬರಿಗೈಲಿ ನಿಂತ್ಕಂಡು ಒಂದೆಜ್ಜೆ ಇಂದಕ್ಕೆ ಇಕ್ಕನಿಲ್ಲ. ಗಂಡ್ಸು ಅಂದ್ರೆ ಅವ್ನು ಕಣ್ರೀ."

ನಾನು ಬಾಯಿ ತೆರೆದೆ. ಇಷ್ಟು ವರ್ಷ ಕಾದ ಮಾತು ಅದು, ಟೀ ಲೋಟದಷ್ಟು ದೂರದಲ್ಲಿತ್ತು. ಆದರೆ ಅವರ ಮುಖದಲ್ಲಿ ಹಾರ ಹಾಕಿ ಬಂದ ಸಂತೋಷ ಇನ್ನೂ ಆರಿರಲಿಲ್ಲ.

"ಯಾರೋ ಅರಕಲಗೂಡಿನವನಂತೆ ಮಾವ" ಎಂದೆ.

"ಒಂದ್ಸಲ ಅಳೇಕೋಟೆಗೆ ಕರ್ಕಂಬನ್ನಿ. ಅಂತೋನು ನಮ್ಮನೇಲಿ ಒಂದೊತ್ತು ಉಣ್ಬೇಕು."

ಅಲ್ಲಿಂದೀಚೆಗೆ ನಾವು ಹಳೇಕೋಟೆಗೆ ಹೋದಾಗಲೆಲ್ಲ ಅವರು ಅವನನ್ನು ವಿಚಾರಿಸುತ್ತಾರೆ. ಮದುವೆಯಾಯಿತೇ, ಆರೋಗ್ಯವೇ, ಯಾವ ಆಫೀಸು? ನಾನೂ ಒಂದೊಂದು ಹೇಳುತ್ತಾ ಬಂದಿದ್ದೇನೆ. ಹೋದ ಸಲ ಮಾವ, ಸಮಯ ಸಿಕ್ಕಾಗ ಅವನ ಹತ್ತಿರ ಹೋಗಿ ಸ್ವಲ್ಪ ಕಲಿತುಕೊಳ್ಳಿ ಎಂದು ನನಗೆ ಪ್ರೀತಿಯಿಂದಲೇ ಬುದ್ಧಿ ಹೇಳಿದರು. ಸುಳ್ಳೇಕೆ, ಆ ಅರಕಲಗೂಡಿನವನ ಹೆಸರೆತ್ತಿದರೆ ನನಗೀಗ ಮೈಯೆಲ್ಲ ಉರಿಯುತ್ತದೆ.