ನಮ್ಮ ಕ್ವಾರ್ಟರ್ಸಿಗೆ ಲಿನಕ್ಸ್ ಬಂದಾಗ

ಕೆಲವರ ಮನೆಯಲ್ಲಿ ಕೆಲಸಗಳು ಸದ್ದಿಲ್ಲದೆ ಆಗಿಬಿಡುತ್ತವೆ. ನಮ್ಮ ಮನೆಯಲ್ಲಿ ಒಂದು ಬಲ್ಬ್ ಹಾಕಬೇಕಾದರೂ ಏನಾದರೊಂದು ರಾದ್ಧಾಂತ ಆಗಲೇಬೇಕು. ಕಂಪ್ಯೂಟರಿಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದಾಗ ಬಿಟ್ಟೀತೇ?

ಎರಡು ಸಾವಿರದ ಇಸವಿಯ ಆಚೀಚೆ. ಶಿವಮೊಗ್ಗದ ವಿನೋಬನಗರದ ಒಂದು ಪುಟ್ಟ ಆಫೀಸಿನಲ್ಲಿ ನನಗೆ ಪ್ರೋಗ್ರಾಮಿಂಗ್ ಕೆಲಸ ಸಿಗುವುದರಲ್ಲಿತ್ತು. "ಇಲ್ಲಿ ಕುರ್ಚಿ ಹಾಕೋಕೂ ಜಾಗ ಇಲ್ಲ ಕಣಮ್ಮ. ಭದ್ರಾವತಿಯ ನಿಮ್ಮ ಮನೇಲೇ ಲಿನಕ್ಸ್ ಹಾಕ್ಕೋ. ಸೋಮವಾರ ಬೆಳಗ್ಗೆ ಹತ್ತರೊಳಗೆ ಅದರಿಂದ ಒಂದು ಮೇಲ್ ಬಂದ್ರೆ ಕೆಲಸ ನಿಂದು. ಇಲ್ಲಾಂದ್ರೆ ಆಲ್ಕೊಳದಲ್ಲಿ ಇನ್ನೊಬ್ಬಳು ಕಾಯ್ತಿದಾಳೆ" ಅಂದರು ಸಾಹೇಬರು. ನಾನೋ ಮೊದಲೇ ಕೂತಲ್ಲಿ ಕೂರದವಳು. ಆ ಇನ್ನೊಬ್ಬಳ ಮುಖ ನೋಡದೆಯೇ ಅವಳ ಮೇಲೆ ಮೈಯೆಲ್ಲ ಉರಿಯಿತು.

ಅಂಗಡಿಯಲ್ಲಿ

ಫೋನ್ ಲೈನಿನಿಂದ ಇಂಟರ್ನೆಟ್ ಹಿಡಿಯಲು ಕಂಪ್ಯೂಟರಿನೊಳಗಿದ್ದ ಮೋಡೆಮ್ ಲಿನಕ್ಸಿಗೆ ಆಗಿಬರಲಿಲ್ಲ. ಹೊರಗಿಡುವಂಥದ್ದನ್ನು ತರಲು ಶಿವಮೊಗ್ಗಕ್ಕೆ ಓಡಿದೆ.

"ಲಿನಕ್ಸಾ? ಅದ್ಯಾವ ಕಂಪನೀದು?" ಅಂದರು ಅಂಗಡಿಯವರು.

"ಯಾವ ಕಂಪನೀದೂ ಅಲ್ಲ. ಯಾರ್ಯಾರೋ ಸೇರಿ ಮಾಡಿದ್ದು. ಪುಕ್ಕಟೆ. ಬೇಗ ಕೊಡಿ, ಬಸ್ಸು ಹೋಗುತ್ತೆ."

ಅವರು ಮೋಡೆಮ್ ಕಟ್ಟುವುದನ್ನೇ ನಿಲ್ಲಿಸಿದರು. "ಅಲ್ಲ ಮಾರಾಯ್ತಿ, ಕೆಟ್ಟರೆ ಯಾರನ್ನ ಬೈತೀಯ?"

ಅದನ್ನು ನಾನು ಯೋಚಿಸಿರಲಿಲ್ಲ. ಮಾರನೆಯ ದಿನವೇ ಉತ್ತರ ಸಿಕ್ಕಿತು: ಅಪ್ಪನನ್ನ.

ಮರಳಿನ ಬಕೆಟ್ಟು

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆ ಪಕ್ಕ ಕೆಲಸ ಮಾಡುವವರು. ಭಾನುವಾರ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಲಿನಕ್ಸಿಗೆ ಮಾನಿಟರಿನ ಅಂಕಿಗಳನ್ನೆಲ್ಲ ನಾವೇ ತುಂಬಬೇಕಿತ್ತು. ತಪ್ಪು ತುಂಬಿದರೆ ಮಾನಿಟರ್ ಹಾಳಾದೀತು ಅಂತ ಪರದೆಯ ಮೇಲೆ ಎಚ್ಚರಿಕೆ ಬಂತು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಜೋರಾಗಿ ಓದಿಬಿಟ್ಟೆ.

ಅಪ್ಪ ಎದ್ದು ಹೋದರು. ವಾಪಸ್ ಬಂದಾಗ ಒಂದು ಕೈಯಲ್ಲಿ ಮರಳಿನ ಬಕೆಟ್ಟು, ಇನ್ನೊಂದರಲ್ಲಿ ಒದ್ದೆ ಗೋಣಿಚೀಲ. ಅಮ್ಮನನ್ನು ಅಂಗಳಕ್ಕೆ ಕಳಿಸಿಯಾಗಿತ್ತು.

"ಅಪ್ಪಾ, ಇದು ಕುಲುಮೆ ಅಲ್ಲ!"

"ಎಲ್ಲರೂ ಹಂಗೇ ಅಂದ್ಕೊಂಡಿರ್ತಾರೆ. ನೀನು ಒತ್ತು."

ಒತ್ತಿದೆ. ಪರದೆ ಕಪ್ಪಾಯಿತು, ಮಾನಿಟರ್ ಒಳಗೆ 'ಟಕ್' ಅಂತು. ಅದು ಮಾಮೂಲಿ ಸದ್ದು ಅನ್ನುವಷ್ಟರಲ್ಲಿ ಅಪ್ಪ ಮನೆಯ ಮೇನ್ ಸ್ವಿಚ್ಚನ್ನೇ ಎಳೆದಿದ್ದರು. ಬೆಳಗ್ಗೆಯಿಂದ ಹಾಕಿದ್ದೆಲ್ಲ ಮಗುಚಿ ಬಿತ್ತು. ಮತ್ತೆ ಮೊದಲಿಂದ ಶುರು! ನನಗೆ ಅಳುವೇ ಬಂತು. ಅಪ್ಪ ಮಾನಿಟರಿನ ಬೆನ್ನು ಸವರಿ ನೋಡಿ ಅಂಗಳಕ್ಕೆ ಕೂಗಿ ಹೇಳಿದರು, "ಒಳಗ್ ಬಾರೇ, ಯಾರಿಗೂ ಏನೂ ಆಗಿಲ್ಲ!"

ಹಾಲ್‌ನಲ್ಲಿದ್ದ ಫೋನು

ಸೋಮವಾರ ಬೆಳಗ್ಗೆ ಅಂತೂ ಎಲ್ಲ ಕೂತಿತು. ಎಡಿಟರ್ ತೆರೆಯಿತು, ಕಂಪೈಲರ್ ಓಡಿತು. ಉಳಿದದ್ದು ಆ ಒಂದು ಮೇಲ್.

ನಮ್ಮ ಕ್ವಾರ್ಟರ್ಸ್ ಸಾಲಿಗೆಲ್ಲ ನಮ್ಮದೊಂದೇ ಫೋನು. ಎಲ್ಲರ ನೆಂಟರ ಹತ್ತಿರವೂ ಅದೇ ನಂಬರು. ಅಮ್ಮ ಎತ್ತಿ, ಯಾರಿಗೆ ಅಂತ ಕೇಳಿ, ಆ ಮನೆಯವರನ್ನು ಕೂಗುತ್ತಿದ್ದಳು. ಅದೇ ಲೈನಿಗೆ ಕೋಣೆಯಲ್ಲಿ ನನ್ನ ಮೋಡೆಮ್. ಅದು ಡಯಲ್ ಮಾಡಿದರೆ ಹಾಲ್‌ನಲ್ಲಿದ್ದ ಫೋನು ಟಿಣ್ ಟಿಣ್ ಅನ್ನುತ್ತದೆ ಅಂತ ನನಗೇನು ಗೊತ್ತು!

ಡಯಲ್ ಮಾಡಿದೆ. ಮೋಡೆಮ್ ಕೀರಲು ದನಿ ತೆಗೆದು ಅರ್ಧಕ್ಕೇ ನಿಂತಿತು. ಮತ್ತೆ ಮಾಡಿದೆ. ಮತ್ತೆ ಅದೇ ಕಥೆ. ಹತ್ತು ದಾಟಿತು, ಆದರೂ ಬಿಡಲಿಲ್ಲ. ಹನ್ನೊಂದರ ಹೊತ್ತಿಗೆ ತಲೆ ಕೆಟ್ಟು ಮೋಡೆಮ್ ಆರಿಸಿ ಹೊರಗೆ ಬಂದರೆ ಹಾಲ್ ತುಂಬ ಜನ! ಅಮ್ಮ ರಿಸೀವರ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ಫೋನ್ ಎತ್ತಿ ಎತ್ತಿ ನನ್ನ ಲೈನ್ ಕೆಡಿಸಿದ್ದು ನೀನಾ? ಸಾಕಾಗಿ ನಾನೇ ಆಫ್ ಮಾಡ್ದೆ!" ಅಂತ ಕಿರುಚಿದೆ.

"ಯಾರೋ ಬಿಕ್ಕಿ ಬಿಕ್ಕಿ ಅಳ್ತಿದ್ರು ಕಣೇ. ಇಟ್ರೆ ಮತ್ತೆ ಮಾಡಿ ಅಳ್ತಾರೆ. ಪಾಪ, ಮಾತೇ ಹೊರಡ್ತಿಲ್ಲ. ಯಾರ ಮನೆಗೆ ಹೇಳ್ಬೇಕು ಅಂದ್ರೆ ಅದಕ್ಕೂ ಅಳು."

ಯಾರ ಮನೆಯದೋ ಸಾವಿನ ಸುದ್ದಿ ಅಂತ ಇಡೀ ಸಾಲನ್ನೇ ಕರೆಸಿದ್ದಳು. ಪಕ್ಕದ ಮನೆಯ ತಮಿಳು ಅಕ್ಕ "ಎನ್ನಾಚು, ಏನಾಯ್ತು" ಅಂತ ಎದೆ ಹಿಡಿದುಕೊಂಡಿದ್ದಳು. ಅತ್ತಿದ್ದು ಮೋಡೆಮ್ ಅಂತ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೇಟಿನಲ್ಲಿ ಬೈಕ್ ನಿಂತಿತು. ಸಾಹೇಬರು! ಮೇಲೂ ಇಲ್ಲ, ಫೋನೂ ಎಂಗೇಜು ಅಂತ ಉಗಿಯಲಿಕ್ಕೇ ಬಂದಿದ್ದರು.

ಬಾಗಿಲಲ್ಲಿ ಜನ ನೋಡಿದವರೇ ಹೆಲ್ಮೆಟ್ ತೆಗೆದರು. ಮೆಲ್ಲಗೆ ಒಳಗೆ ಬಂದು, ರಾತ್ರಿ ಪಾಳಿ ಮುಗಿಸಿ ಬಂದು ಜನರ ನಡುವೆ ನಿಂತಿದ್ದ ಅಪ್ಪನ ಕೈ ಹಿಡಿದುಕೊಂಡರು.

"ಧೈರ್ಯ ತಗೊಳ್ಳಿ ಯಜಮಾನ್ರೇ. ಕೆಲಸ ನಿಮ್ಮ ಮಗಳದ್ದೇ, ಎಲ್ಲೂ ಹೋಗಲ್ಲ. ಮೊದಲು ಇದೆಲ್ಲ ಮುಗೀಲಿ."

ಇಡೀ ಸಾಲೇ ಕೇಳಿಸಿಕೊಂಡಿತು. ನಾನು ತೆರೆದ ಬಾಯಿ ಮುಚ್ಚಿದೆ.

ಸಾಹೇಬರು ದನಿ ತಗ್ಗಿಸಿ ಅಮ್ಮನನ್ನು ಕೇಳಿದರು, "ಹೋದವರು ಯಾರಮ್ಮ?"

ಅಮ್ಮ ನನ್ನತ್ತ ಕಣ್ಣು ಬಿಟ್ಟಳು. "ಅದನ್ನೇ ಕೇಳ್ತಿದ್ದೆ ಸಾರ್, ಅಷ್ಟರಲ್ಲಿ ಇವಳು ಆಫ್ ಮಾಡ್ಬಿಟ್ಲು!"