ಮಾವನ ಗಾಡಿಯ ಗರಗರ

ನಮ್ಮ ಸೋದರಮಾವನಷ್ಟು ನ್ಯಾಯವಂತ ಮನುಷ್ಯ ಮಂಡ್ಯ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ಅದರಿಂದ ಮನೆಗೆ ಆಗಿರುವ ತೊಂದರೆ ಅಷ್ಟಿಷ್ಟಲ್ಲ! ಬೆಳಿಗ್ಗೆ ಬಲಭುಜದ ಮೇಲಿದ್ದ ಟವೆಲ್ಲು ಮಧ್ಯಾಹ್ನ ಎಡಭುಜಕ್ಕೆ ಬರಲೇಬೇಕು. ಮದ್ದೂರು ವಡೆ ತಿಂದರೆ ಒಂದು ತುತ್ತು ಬಲದವಡೆಗೆ, ಇನ್ನೊಂದು ಎಡದವಡೆಗೆ. ಇಂಥವರ ಪಿಕಪ್ಪಿಗೆ ಗರಗರ ಸದ್ದಿನ ಕಾಯಿಲೆ ಹಿಡಿದರೆ ಏನಾಗಬೇಡ?

ಗಾಡಿ ಅವರ ಮದುವೆಯಾದ ವರ್ಷ ಕೊಂಡದ್ದು. ಬಸರಾಳಿನ ಆಚೆಯ ತೋಟದ ಕೆಸರಿನಿಂದ ಎಳನೀರು ಹೇರಿಕೊಂಡು ಮದ್ದೂರಿನ ಮಾರುಕಟ್ಟೆಗೆ ಹೋಗಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಿತ್ತು. ಗೇರಿನ ಪಕ್ಕ ಒಂದು ಗಿಡ್ಡ ರಾಡು. ಎಳೆದರೆ ನಾಲ್ಕು ಚಕ್ರಕ್ಕೂ ಕೆಲಸ, ತಳ್ಳಿದರೆ ಹಿಂದಿನ ಎರಡಕ್ಕೆ ಮಾತ್ರ. ಊರ ದಾರಿಗೆ ಟಾರು ಬಿದ್ದ ಮೇಲೆ ತಿರುವು ಬಂದಾಗಲೆಲ್ಲ ಗರಗರ ಶುರುವಾಯಿತು, ಬೀಸುಕಲ್ಲಿಗೆ ಜಲ್ಲಿ ಹಾಕಿದ ಹಾಗೆ.

ನಾನು ಅವರ ಮನೆಯಲ್ಲಿದ್ದುಕೊಂಡೇ ಮಂಡ್ಯದ ಕಾಲೇಜಿಗೆ ಹೋಗುವವನು. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ಬೇರೆ. ಮಾವನ ತೀರ್ಪುಗಳನ್ನೂ ಬರೆದೆ. ಸೋಮವಾರ: ಬೇರಿಂಗು. ಮಂಗಳವಾರ: ಎಣ್ಣೆ ಸಾಲದು. ಬುಧವಾರ: ಟಾರು ಹಾಕಿದ ಕಂಟ್ರಾಕ್ಟರು ಕಳ್ಳ. ಗುರುವಾರ: ಮತ್ತೆ ಬೇರಿಂಗು. ಶುಕ್ರವಾರ: ದೃಷ್ಟಿ. ಬೇರಿಂಗೇ ಹೆಚ್ಚು ಮತ ಪಡೆದು ಗೆದ್ದಿತು! ಭಾನುವಾರ ನನ್ನನ್ನು ಗಾಡಿಯ ಹಿಂಭಾಗದಲ್ಲಿ ಮಲಗಿಸಿ, ಮುದ್ದೆ ತಿರುವುವ ಕೋಲನ್ನು ತಳಕ್ಕೂ ಕಿವಿಗೂ ಹಚ್ಚಿ ಕೇಳಿಸಿಕೊಳ್ಳಲು ಹೇಳಿದರು. ನನಗೆ ಕೇಳಿಸಿದ್ದು ಕೋಲು ಹುಡುಕುತ್ತಿದ್ದ ಅತ್ತೆಯ ಬೈಗುಳ ಮಾತ್ರ.

ಅತ್ತೆ ಗಡುವು ಕೊಟ್ಟರು. "ಗೌರಿ ಹಬ್ಬದೊಳ್ಗೆ ಸದ್ದು ಓಗ್ಬೇಕು. ಇಲ್ಲ, ಗಾಡಿ ಓಗ್ಬೇಕು."

ಗುಜರಿಯವನು ಬಂದು ಬಾನೆಟ್ಟು ತಟ್ಟಿ ನೋಡಿಯೂ ಹೋದ. ಅಂದು ಮಾವ ರಾತ್ರಿಯೂಟ ಬಿಟ್ಟರು. ನ್ಯಾಯ ನೋಡಿ, ನನಗೂ ಬಿಡಿಸಿದರು!

ಮದ್ದೂರಿನ ಗ್ಯಾರೇಜಿಗೆ ಹೋದರೋ, ಸದ್ದು ಮಂಗಮಾಯ. ಮಾವ ಬಾಯಲ್ಲೇ ಗರಗರ ಮಾಡಿ ತೋರಿಸಿದರು. ಮೆಕ್ಯಾನಿಕ್ಕು ಗಂಭೀರವಾಗಿ ಕೇಳಿಸಿಕೊಂಡು, "ಅಣ್ಣ, ಗಾಡಿ ಚೆನ್ನಾಗದೆ. ಗಂಟ್ಲು ತೋರುಸ್ಕೊ ಓಗು" ಅಂದ.

ಕೊನೆಯ ಸಲ ಅತ್ತೆಯೂ ಜೊತೆಗೆ ಬಂದರು. ಗ್ಯಾರೇಜಿನಲ್ಲಿ ಸರಿಯಾಗದಿದ್ದರೆ ಅಲ್ಲಿಂದ ನೇರ ಗುಜರಿಗೆ ಎಂಬ ಒಪ್ಪಂದ. ಗ್ಯಾರೇಜಿನ ಗೇಟು ಬಂದೊಡನೆ ಮಾವ ಗಿಡ್ಡ ರಾಡನ್ನು ಮುಂದಕ್ಕೆ ತಳ್ಳಿದ್ದು ಅತ್ತೆಯ ಕಣ್ಣಿಗೆ ಬಿತ್ತು.

"ಅದ್ಯಾಕ್ ತಳ್ದೆ?"

"ಮುಂದಿನ್ ಚಕ್ರ ದಣ್ದವೆ. ಇಲ್ಲಾದ್ರೂ ಸುದಾರುಸ್ಕೊಳ್ಳಿ ಅಂತ."

"ಅಂಗಾರೆ ದಾರಿವುದ್ದಕ್ಕೂ ಎಳ್ಕೊಂಡೇ ಓಡುಸ್ತೀಯಾ?"

"ಇನ್ನೇನ್ ಮತ್ತೆ? ನಾಕೆತ್ತು ಕಟ್ಟಿ ಎರಡ್ನೇ ದುಡ್ಸೋದು ಯಾವೂರ್ ನ್ಯಾಯ?"

ಮೆಕ್ಯಾನಿಕ್ಕು ಸ್ಪ್ಯಾನರು ಕೆಳಗಿಟ್ಟ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕಂತೆ. ಕೆಸರಿನಲ್ಲಾದರೆ ಚಕ್ರ ಜಾರಿ ಹೇಗೋ ಸರಿಹೋಗುತ್ತದೆ. ಟಾರಿನ ಮೇಲೆ ಎರಡನ್ನೂ ಬಿಗಿದು ಕಟ್ಟಿದರೆ ಒಳಗಿನ ಗೇರಿನ ಹಲ್ಲುಗಳು ಜಗಳ ಆಡದೆ ಇನ್ನೇನು ಮಾಡುತ್ತವೆ? ಅಂತೂ ಬೇರಿಂಗು ಸೋತಿತು. ಕಾಯಿಲೆ ಇದ್ದದ್ದು ಮಾವನ ನ್ಯಾಯದಲ್ಲಿ!

ರಾಡು ಮುಂದಕ್ಕೆ ಹೋಯಿತು, ಸದ್ದು ನಿಂತಿತು, ಗಾಡಿ ಉಳಿಯಿತು. ಆದರೆ ಅತ್ತೆಯ ಮುಖ ಮಾತ್ರ ಅರಳಲಿಲ್ಲ. ಹಬ್ಬ ಕಳೆದ ಮೇಲೆ ಒಂದು ಸಂಜೆ ಮಾವ ಹಸಿದು ಬಂದರೆ ಮುದ್ದೆಗೆ ಎಸರೂ ಇಟ್ಟಿರಲಿಲ್ಲ. ಯಾಕೆಂದು ಕೇಳಿದರು. ಅತ್ತೆ ಬಿಡಿಸುತ್ತಿದ್ದ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ನೀನ್ ಬರೋದು ನಂಗೆಂಗೆ ಗೊತ್ತಾಗ್ಬೇಕು? ಮೊದ್ಲಾದ್ರೆ ಕೆರೆ ತಿರುವ್ನಲ್ಲಿ ಗರಗರ ಅನ್ನೋದು, ಸದ್ಯ ಬಂದ ಅಂತ ಎಸ್ರಿಡ್ತಿದ್ದೆ. ಈಗ ನೀನು ಬಾಗ್ಲಿಗೆ ಬರೋಗಂಟ ಜೀವ ಕೈಲಿಡ್ಕಂಡ್ ಕೂತಿರ್ಬೇಕು."



ಮರುದಿನ ಮದ್ದೂರಿನಿಂದ ಹಿಂದಿರುಗುವಾಗ ನಾನೂ ಗಾಡಿಯಲ್ಲಿದ್ದೆ. ದಾರಿಯುದ್ದಕ್ಕೂ ಸದ್ದಿಲ್ಲ. ಕೆರೆಯ ತಿರುವು ಬಂತು. ಮಾವ ಮೆಲ್ಲಗೆ ಗಿಡ್ಡ ರಾಡನ್ನು ಎಳೆದರು. ಗರಗರಗರ! ನಾನು ಅವರ ಮುಖ ನೋಡಿದೆ.

"ಸುಮ್ಕೆ ಕೂತ್ಕಳ್ಲಾ" ಎಂದರು, ದಾರಿಯಿಂದ ಕಣ್ಣು ತೆಗೆಯದೆ.

ಮನೆ ಮುಟ್ಟಿದಾಗ ಎಸರು ಕುದಿಯುತ್ತಿತ್ತು.